ಹಳೆಯ ಜೀಪಿನ ಹಿಂಬದಿ ಕಮಾನು: ಏರಿಸುವುದೋ, ಮೆದುಗೊಳಿಸುವುದೋ?

ಸಿಜೆ-3ಬಿ ಎಂಬ ಹಳೆಯ ಮಾದರಿಯ ಜೀಪಿನ ಹಿಂಭಾಗ ಕುಸಿದಿದೆ ಎಂದು ಚಿತ್ರದುರ್ಗದ ಯಾವ ಗ್ಯಾರೇಜಿಗೆ ಹೋದರೂ ಸಿಗುವ ಮೊದಲ ಸಲಹೆ ಒಂದೇ: ‘ಇನ್ನೊಂದು ಪಟ್ಟಿ ಹಾಕಿಸಿ ಸಾರ್.’ ಕಮಾನು (ಲೀಫ್ ಸ್ಪ್ರಿಂಗ್) ಎಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು. ನಮ್ಮ ಜೀಪಿಗೆ ಅದನ್ನೂ ಹಾಕಿಸಿದೆ, ಉದ್ದ ಶ್ಯಾಕಲ್‌ಗಳನ್ನೂ (ಕಮಾನಿನ ಹಿಂದಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿಗಳು) ಕೂಡಿಸಿದೆ, ತುದಿಗೆ ತೆಳುವಾಗುವ ಪ್ಯಾರಾಬೋಲಿಕ್ ಪಟ್ಟಿಗಳನ್ನೂ ತರಿಸಿದೆ. ಕಮಾನನ್ನು ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ ಕೂರಿಸುವ ನಾಲ್ಕನೆಯ ದಾರಿಯನ್ನು ಓಡಿಸಿ ನೋಡಿದ್ದು ಭಾವನ ಜೀಪಿನಲ್ಲಿ. ಹೊಸದುರ್ಗದ ತೋಟದಿಂದ ತೆಂಗಿನಕಾಯಿ ಮೂಟೆ, ರಜೆಯಲ್ಲಿ ಹಿರಿಯೂರು ಕಡೆಯ ಜಲ್ಲಿ ದಾರಿ, ನಡುವೆ ರಾಷ್ಟ್ರೀಯ ಹೆದ್ದಾರಿ 48. ನನಗೆ ಬೇಕಾದದ್ದು ಈ ಮೂರಕ್ಕೂ ಒಗ್ಗುವ ಕಮಾನು.

ಉದ್ದ ಶ್ಯಾಕಲ್ ಅಗ್ಗ, ಅಷ್ಟೇ. ಎರಡು ಅಂಗುಲ ಉದ್ದ ಹೆಚ್ಚಿಸಿದರೆ ಗಾಡಿ ಏರುವುದು ಸುಮಾರು ಒಂದು ಅಂಗುಲ, ಏಕೆಂದರೆ ಕಮಾನಿನ ಮುಂದಿನ ತುದಿ ಇದ್ದಲ್ಲೇ ಇರುತ್ತದೆ. ತಿರುವಿನಲ್ಲಿ ಹಿಂಭಾಗದ ಓಲಾಟ ಮಾತ್ರ ಧಾರಾಳವಾಗಿ ಹೆಚ್ಚುತ್ತದೆ.

ಹಳೆಯ ಪಟ್ಟಿಗಳನ್ನು ಬಡಿಸಿ ಮತ್ತೆ ಬಾಗಿಸಿ, ಇನ್ನೊಂದನ್ನು ಸೇರಿಸುವುದು ಭಾರ ಹೊರುವವರಿಗೆ ಒಳ್ಳೆಯದು. ಲಾರಿ ಕಮಾನಿನ ಕೆಲಸ ಬಲ್ಲವರು ನಮ್ಮಲ್ಲೂ ದಾವಣಗೆರೆಯಲ್ಲೂ ಸಿಗುತ್ತಾರೆ. ಆದರೆ ಕಾಯಿಸಿ ಸರಿಯಾಗಿ ಹದ ಕೊಡದೆ ಬರೀ ಬಡಿದು ಕೊಟ್ಟರೆ ಕಮಾನು ಬೇಗ ಮತ್ತೆ ಕುಸಿಯುತ್ತದೆ. ಮೂಟೆ ಇದ್ದಾಗ ಜೀಪು ನೆಟ್ಟಗೆ ನಿಂತಿತು, ಖಾಲಿಯಾದಾಗ ನಮ್ಮ ಬೆನ್ನು ಮುರಿಯಿತು. ಪಟ್ಟಿ ಹೆಚ್ಚಿದಷ್ಟೂ ಒಂದಕ್ಕೊಂದು ಉಜ್ಜುವ ತಿಕ್ಕಾಟ ಹೆಚ್ಚು. ಸಣ್ಣ ಕಲ್ಲಿಗೆ ಕಮಾನು ಬಾಗುವುದೇ ಇಲ್ಲ. ಜಲ್ಲಿಯ ಏರಿನಲ್ಲಿ ಟೈರು ನೆಲ ಬಿಟ್ಟು ಕುಣಿದು ಹಿಡಿತ ತಪ್ಪುತ್ತಿತ್ತು.

ಭಾವನ ಜೀಪು ನೋಡುವುದಕ್ಕೆ ಗಂಭೀರ. ಮೂಲದಲ್ಲಿ ಆಕ್ಸಲ್ ಕೆಳಗಿರುವ ಕಮಾನನ್ನು ಮೇಲಕ್ಕೆ ತಂದರೆ ನಾಲ್ಕೈದು ಅಂಗುಲ ಎತ್ತರ ಒಮ್ಮೆಲೇ ಸಿಗುತ್ತದೆ. ತೊಂದರೆ ಇರುವುದು 3ಬಿಯ ಅಳತೆಯಲ್ಲೇ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇರುವುದು 80 ಅಂಗುಲ, ಹೀಗಾಗಿ ಹಿಂಬದಿ ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಆಕ್ಸಲ್‌ಗೆ ಶಕ್ತಿ ಸಾಗಿಸುವ ತಿರುಗು ದಂಡ) ತೀರ ಗಿಡ್ಡ. ಎತ್ತರ ಏರಿದೊಡನೆ ಅದು ಕಡಿದಾದ ಕೋನಕ್ಕೆ ಬಂದು ಅದುರುತ್ತದೆ, ಅದರ ತುದಿಗಳ ಕೀಲುಗಳಾದ ಕ್ರಾಸ್‌ಗಳು ಬೇಗ ಸವೆಯುತ್ತವೆ. ಕಮಾನು ಕೂರುವ ಹೊಸ ಸೀಟುಗಳನ್ನು ಆಕ್ಸಲ್‌ಗೆ ವೆಲ್ಡ್ ಮಾಡುವಾಗ ಪಿನಿಯನ್ನಿನ (ಶಾಫ್ಟ್ ಬಂದು ಸೇರುವ ಆಕ್ಸಲ್‌ನ ಗೇರು) ಮುಖವನ್ನು ಮೇಲಕ್ಕೆ ತಿರುಗಿಸಿ ಇದನ್ನು ಸ್ವಲ್ಪ ತಗ್ಗಿಸಬಹುದು. ಮೊದಲ ಗೇರಿನಲ್ಲಿ ಜೋರಾಗಿ ಒತ್ತಿದರೆ ಪಟ್ಟಿಗಳು ಇಂಗ್ಲಿಷಿನ ಎಸ್ ಅಕ್ಷರದಂತೆ ಸುರುಳುವ ಕಾಟ ಮಾತ್ರ ಉಳಿಯುತ್ತದೆ. ಎಡಬಲ ಚಕ್ರಗಳ ನಡುವಿನ ಅಗಲ ಸುಮಾರು 48 ಅಂಗುಲ ಇರುವ ಗಾಡಿಯನ್ನು ಅಷ್ಟು ಎತ್ತರಕ್ಕೆ ಏರಿಸಿ ಇಳಿಜಾರಿನಲ್ಲಿ ಅಡ್ಡ ಓಡಿಸಲು ನನಗಂತೂ ಧೈರ್ಯ ಸಾಲದು. ಸಾಲದ್ದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ: ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಭಾವನಿಗೆ ಇದನ್ನು ಹೇಳಿದರೆ ತಮ್ಮ ಜೀಪಿನ ಫೋಟೊ ತೋರಿಸುತ್ತಾರೆ.

ನಮ್ಮ ಜೀಪಿನಲ್ಲಿ ಉಳಿದದ್ದು ಪ್ಯಾರಾಬೋಲಿಕ್. ಇದರಲ್ಲಿ ಪಟ್ಟಿಗಳು ಕಡಿಮೆ. ಒಂದೊಂದೂ ನಡುವೆ ದಪ್ಪ, ತುದಿಗೆ ತೆಳು, ಮಧ್ಯೆ ಮತ್ತು ತುದಿಗಳಲ್ಲಿ ಬಿಟ್ಟರೆ ಒಂದನ್ನೊಂದು ಮುಟ್ಟುವುದಿಲ್ಲ. ತಿಕ್ಕಾಟ ಕಡಿಮೆಯಾದ್ದರಿಂದ ಅದೇ ಜಲ್ಲಿ ಏರಿನಲ್ಲಿ ಟೈರು ನೆಲಕ್ಕೆ ಅಂಟಿಕೊಂಡೇ ಹತ್ತಿತು. ಆದರೆ ಕುಣಿತವನ್ನು ತಡೆಯುತ್ತಿದ್ದದ್ದೂ ಆ ತಿಕ್ಕಾಟವೇ. ಹಳೆಯ ಶಾಕ್ ಅಬ್ಸಾರ್ಬರ್‌ಗಳನ್ನೇ ಬಿಟ್ಟರೆ ಹೆದ್ದಾರಿಯಲ್ಲಿ ಗಾಡಿ ತೇಲಾಡುತ್ತದೆ, ಹೊಸವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಮೂಟೆ ಹೇರಿದಾಗ ಹಿಂಭಾಗ ಮೊದಲಿಗಿಂತ ತುಸು ತಗ್ಗುತ್ತದೆ. ದಿನವೂ ಹೊರೆ ಹೊರುವವರು ಬಡಿಸಿದ ಕಮಾನಿಗೇ ಹೋಗಲಿ.

ಯಾವುದನ್ನು ಹಾಕಿಸಿದರೂ ಹಿಂಬದಿಯನ್ನು ಜ್ಯಾಕ್ ಮೇಲೆ ಎತ್ತಿ, ಚಕ್ರಗಳು ಪೂರ್ತಿ ಜೋತಾಗ ಬ್ರೇಕ್ ಹೋಸ್ ಬಿಗಿಯುತ್ತದೆಯೇ ನೋಡಿ. ಮೊದಲ ಓಟ ಮುಗಿದೊಡನೆ, ಕಮಾನನ್ನು ಆಕ್ಸಲ್‌ಗೆ ಬಿಗಿದಿಡುವ ಯು-ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಸಿ. ಸಡಿಲಾದರೆ ಮೊದಲು ತುಂಡಾಗುವುದು ಪಟ್ಟಿಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್.