ಮಕ್ಕಳ ಮನೆಯಲ್ಲಿ ದೀರ್ಘವಾಸ: ಕೆನಡಾ, ಆಸ್ಟ್ರೇಲಿಯಾ, ಅಮೆರಿಕ ಮತ್ತು ಅಪ್ಪನ ಬಿಪಿ ಮಾತ್ರೆ

ನಿವೃತ್ತರಾದ ಮೇಲೆ ಮಕ್ಕಳ ಹತ್ತಿರ ಹೋಗಿರಲು ಹೊರಟವರು ಮೊದಲು ಕೇಳುವುದು ‘ವೀಸಾ ಎಷ್ಟು ವರ್ಷಕ್ಕೆ ಸಿಗುತ್ತೆ?’ ಎಂದು. ಮೂರೂ ದೇಶಗಳ ಅರ್ಜಿ ತುಂಬಿ, ಪಾಲಿಸಿಗಳ ಸಣ್ಣ ಅಕ್ಷರ ಓದಿದವರು ಕೇಳುವುದು ಬೇರೆ: ಬಿಪಿ, ಶುಗರ್, ಹಿಂದೆಂದೋ ಹಾಕಿಸಿದ ಸ್ಟೆಂಟ್, ಇವನ್ನೆಲ್ಲ ಅಲ್ಲಿನ ವಿಮೆ ಹೇಗೆ ನೋಡುತ್ತದೆ? ಕೆನಡಾದ ಪಾಲಿಸಿ ‘ಕಾಯಿಲೆ ಸ್ಥಿರವಾಗಿದ್ದರೆ ಮೊದಲ ದಿನದಿಂದಲೇ’ ಎನ್ನುತ್ತದೆ. ಆಸ್ಟ್ರೇಲಿಯಾದ್ದು ‘ಒಂದು ವರ್ಷ ಕಾಯಿರಿ’ ಎನ್ನುತ್ತದೆ. ಅಮೆರಿಕದ್ದು ‘ಹಠಾತ್ತಾಗಿ ಬಿಗಡಾಯಿಸಿದರೆ ಮಾತ್ರ, ಅದೂ ಇಂತಿಷ್ಟೇ’ ಎನ್ನುತ್ತದೆ.

ಕೆನಡಾ: ಸೂಪರ್ ವೀಸಾ

2011ರ ಕೊನೆಯಲ್ಲಿ ಶುರುವಾದ ಈ ವೀಸಾ 10 ವರ್ಷದವರೆಗೆ ಸಿಗುತ್ತದೆ. 2022ರ ಜುಲೈನಿಂದ ಒಂದು ಸಲ ಹೋದರೆ 5 ವರ್ಷ ಇರಬಹುದು. ಕರೆಸಿಕೊಳ್ಳುವ ಮಗ ಅಥವಾ ಮಗಳು ಅಲ್ಲಿನ ಪೌರರೋ ಕಾಯಂ ನಿವಾಸಿಯೋ ಆಗಿರಬೇಕು, ಸಹಿ ಹಾಕಿದ ಆಹ್ವಾನ ಪತ್ರದಲ್ಲಿ ಖರ್ಚು ತಮ್ಮದೆಂದು ಬರೆದುಕೊಡಬೇಕು, ಆದಾಯ ತೋರಿಸಬೇಕು. ಅಪ್ಪ ಅಮ್ಮ ನಿಗದಿತ ವೈದ್ಯರ ಹತ್ತಿರವೇ ತಪಾಸಣೆ ಮಾಡಿಸಬೇಕು.

ಆದಾಯದ ಲೆಕ್ಕದಲ್ಲಿ ಎಡವುವವರು ಬಹಳ. ಮಗ, ಸೊಸೆ, ಮೊಮ್ಮಗು ಎಂದು ಮೂರು ಎಣಿಸಿ ಸುಮ್ಮನಾಗುತ್ತಾರೆ. ಬರುವ ಅಪ್ಪ ಅಮ್ಮನನ್ನೂ ಸೇರಿಸಿ ಐದು ಎಣಿಸಬೇಕು. 2025ರ ಜುಲೈ ಪಟ್ಟಿಯಲ್ಲಿ ಮೂವರಿಗೆ ಬೇಕಿದ್ದ ಕನಿಷ್ಠ ವಾರ್ಷಿಕ ಆದಾಯ 46,720 ಕೆನಡಿಯನ್ ಡಾಲರ್, ಐವರಿಗೆ 64,336. ಒಬ್ಬರ ಸಂಬಳ ಸಾಲದಿದ್ದರೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ ಇಬ್ಬರ ಆದಾಯವನ್ನೂ ಕೂಡಿಸಬಹುದು.

ಸಂಬಂಧದ ದಾಖಲೆ ನಮ್ಮ ಕಡೆಯವರಿಗೆ ತಲೆನೋವು. ಹಳೆಯ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನದು ‘ಕೆ.ಆರ್. ನಾಗರಾಜ’, ಪಾಸ್‌ಪೋರ್ಟಿನಲ್ಲಿ ಊರು, ತಂದೆಯ ಹೆಸರು ಬಿಡಿಸಿ ಬರೆದ ಮೂರು ಪದ. ಹೆಸರು ಸೇರಿಸಿದ ಹೊಸ ಜನನ ಪ್ರಮಾಣಪತ್ರ, ತಂದೆತಾಯಿಯ ಹೆಸರಿರುವ ಮಗನ ಪಾಸ್‌ಪೋರ್ಟ್ ಪುಟ, ಎರಡೂ ಹೆಸರು ಒಬ್ಬರದೇ ಎನ್ನುವ ಅಫಿಡವಿಟ್ ಮೂರನ್ನೂ ಇಟ್ಟುಬಿಡಿ. ವಿಮಾ ಪಾಲಿಸಿಯಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಅಕ್ಷರಶಃ ಬರಲಿ.

ಈ ವೀಸಾಕ್ಕೆ ವಿಮೆ ಕಡ್ಡಾಯ: ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್, ಕನಿಷ್ಠ ಒಂದು ವರ್ಷ. ಬರಿಯ ದರಪಟ್ಟಿ ನಡೆಯುವುದಿಲ್ಲ. ಪೂರ್ತಿ ಹಣವನ್ನೋ ಕಂತಿನ ಮುಂಗಡವನ್ನೋ ಕಟ್ಟಿರಬೇಕು. 2025ರ ಜನವರಿಯಿಂದ ಹೊರದೇಶದ ಕಂಪನಿಗಳ ಪಾಲಿಸಿಗೂ ಅವಕಾಶವಿದೆ, ಆದರೆ ಕಂಪನಿಗೆ ಕೆನಡಾದ ನಿಯಂತ್ರಕರ ಅನುಮತಿ ಇರಬೇಕು. ‘ವಿದೇಶಿ ಪಾಲಿಸಿ ಆಗುತ್ತಂತೆ’ ಎಂದು ಇಲ್ಲಿನ ಯಾವುದೋ ಪ್ರವಾಸ ವಿಮೆ ಕೊಂಡರೆ ಆ ಹಣ ನೀರಿನಲ್ಲಿ ಹೋಮ.

ಇನ್ನು ‘ಸ್ಥಿರ’ ಎಂಬ ಪದ. ಪಾಲಿಸಿ ಶುರುವಾಗುವ ದಿನದಿಂದ ಹಿಂದಕ್ಕೆ 90, 120 ಅಥವಾ 180 ದಿನ (ಕಂಪನಿ, ವಯಸ್ಸು ನೋಡಿಕೊಂಡು) ಕಾಯಿಲೆಯಲ್ಲಿ, ಔಷಧದಲ್ಲಿ ಏನೂ ಬದಲಾಗಿರಬಾರದು. ಬಿಪಿ ಮಾತ್ರೆ ಆಮ್ಲೋಡಿಪಿನ್ 5 ಮಿಲಿಗ್ರಾಂ ಇದ್ದದ್ದು 10 ಆದರೂ ಬದಲಾವಣೆ. 10 ಇದ್ದದ್ದು 5 ಆದರೂ ಹೆಚ್ಚಿನ ಪಾಲಿಸಿಗಳಲ್ಲಿ ಬದಲಾವಣೆಯೇ. ಬಿಪಿ ಹತೋಟಿಗೆ ಬಂತೆಂದು ಡಾಕ್ಟರು ಮಾತ್ರೆ ಕಡಿಮೆ ಮಾಡಿದರೆ ನಿಮಗೆ ಸಂತೋಷ, ವಿಮೆಯವರ ಲೆಕ್ಕದಲ್ಲಿ ಮಾತ್ರ ಅದು ಅಸ್ಥಿರ. ಪ್ರಮಾಣ ಅಷ್ಟೇ ಇದ್ದು ಮಾತ್ರೆ ತಯಾರಿಸುವ ಕಂಪನಿ ಮಾತ್ರ ಬದಲಾಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ‘ಒಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ನೋಡೋಣ’ ಎಂದು ಡಾಕ್ಟರು ಚೀಟಿಯಲ್ಲಿ ಬರೆದು, ಮಾಡಿಸದೆ ವಿಮಾನ ಹತ್ತಿದರೆ ಅದೂ ಅಡ್ಡ ಬರುತ್ತದೆ.

ಎಲ್ಲರೂ ಮಾಡುವ ತಪ್ಪು ಇಲ್ಲಿಯೇ. ಹೊರಡುವ ವಾರ ಮಕ್ಕಳ ಒತ್ತಾಯಕ್ಕೆ ಪೂರ್ತಿ ದೇಹ ತಪಾಸಣೆ ಮಾಡಿಸುತ್ತಾರೆ, ಡಾಕ್ಟರು ಒಂದು ಮಾತ್ರೆ ಬದಲಿಸುತ್ತಾರೆ, ಸ್ಥಿರತೆ ಅಲ್ಲಿಗೆ ಮುಗಿಯಿತು. ತಪಾಸಣೆಯನ್ನು ಪ್ರಯಾಣಕ್ಕೆ ಏಳು ತಿಂಗಳು ಮೊದಲೇ ಮುಗಿಸಿಕೊಳ್ಳಿ. ಮಾತ್ರೆ ಬದಲಾಗುವುದಿದ್ದರೆ ಆಗಲೇ ಆಗಲಿ. ಹೊರಡುವ ಹೊತ್ತಿಗೆ ಬದಲಿಸಲೇಬೇಕಾಗಿ ಬಂದರೆ ವಿಮೆಗಾಗಿ ಔಷಧ ಬಿಡಬೇಡಿ, ಪ್ರಯಾಣದ ದಿನಾಂಕವನ್ನು ಮುಂದಕ್ಕೆ ಹಾಕಿ. ಪಾಲಿಸಿ ಶುರುವಾಗುವ ಮೊದಲು ತಿಳಿಸಿದರೆ ದಿನಾಂಕ ಬದಲಿಸಿಕೊಡುತ್ತಾರೆ.

ಎರಡನೆಯ ವರ್ಷದ ವಿಷಯ ಏಜೆಂಟರು ಹೇಳುವುದು ಕಡಿಮೆ. ಹೊಸ ಪಾಲಿಸಿ ಎಂದರೆ ಹೊಸ ಆರಂಭದ ದಿನ. ಮೊದಲ ವರ್ಷ ಟೊರಾಂಟೋದಲ್ಲಿ ಶುರುವಾದ ಎದೆನೋವು ಎರಡನೆಯ ವರ್ಷಕ್ಕೆ ‘ಹಳೆಯ ಕಾಯಿಲೆ’. ಐದು ವರ್ಷದ ವಾಸ ಎಂದರೆ ಐದು ಸಲ ಈ ಪರೀಕ್ಷೆ.

ಆಸ್ಟ್ರೇಲಿಯಾ: 870 (ಪ್ರಾಯೋಜಿತ ಪೋಷಕರ ತಾತ್ಕಾಲಿಕ ವೀಸಾ)

2019ರ ಏಪ್ರಿಲ್‌ನಲ್ಲಿ ಬಂದ ಈ ವೀಸಾ 3 ಅಥವಾ 5 ವರ್ಷದ್ದು, ಒಟ್ಟು ಮಿತಿ 10 ವರ್ಷ. ಎರಡನೆಯ ಸಲ ಬೇಕಿದ್ದರೆ ನಡುವೆ 90 ದಿನ ದೇಶದ ಹೊರಗಿರಬೇಕು. ಮೊದಲು ಮಗ ಪ್ರಾಯೋಜಕನಾಗಿ ಒಪ್ಪಿಗೆ ಪಡೆಯಬೇಕು, ಆಮೇಲೆ ಅಪ್ಪ ಅಮ್ಮನ ಅರ್ಜಿ. ಪ್ರಾಯೋಜಕರ ತೆರಿಗೆಗೆ ಒಳಪಡುವ ವಾರ್ಷಿಕ ಆದಾಯ ಕನಿಷ್ಠ 83,454.80 ಆಸ್ಟ್ರೇಲಿಯನ್ ಡಾಲರ್ ಇರಬೇಕು. ಸಂಗಾತಿಯ ಆದಾಯ ಸೇರಿಸಬಹುದು.

ಬೆಲೆಯೇ ಇದರ ದೊಡ್ಡ ತೊಡಕು. ಶುರುವಾದಾಗಲೇ ಒಬ್ಬರಿಗೆ 3 ವರ್ಷಕ್ಕೆ 5,000, 5 ವರ್ಷಕ್ಕೆ 10,000 ಡಾಲರ್ ಇತ್ತು, ಆಮೇಲೆ ಏರುತ್ತಲೇ ಬಂದಿದೆ. ದಂಪತಿಗೆ ಇದರ ಎರಡರಷ್ಟು. ಅಷ್ಟು ಕೊಟ್ಟರೂ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆ) ಇಲ್ಲ, ಏಕೆಂದರೆ ಭಾರತದ ಜೊತೆ ಆರೋಗ್ಯ ಒಪ್ಪಂದ ಇಲ್ಲ. ವೀಸಾದ ಷರತ್ತು 8501ರ ಪ್ರಕಾರ ಇರುವಷ್ಟು ದಿನವೂ ವಿಮೆ ಇರಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಬಾಕಿ ಬಿದ್ದರೆ ಹೊಣೆ ಪ್ರಾಯೋಜಕರ ತಲೆಗೆ.

ಅಲ್ಲಿನ ಸಂದರ್ಶಕರ ವಿಮೆಯಲ್ಲಿ ಹಳೆಯ ಕಾಯಿಲೆಗೆ ಸಾಮಾನ್ಯವಾಗಿ 12 ತಿಂಗಳ ಕಾಯುವಿಕೆ. ಸೇರುವ ಮುಂಚಿನ 6 ತಿಂಗಳಲ್ಲಿ ಲಕ್ಷಣ ಇತ್ತೇ ಎಂದು ತೀರ್ಮಾನಿಸುವವರು ವಿಮಾ ಕಂಪನಿಯ ವೈದ್ಯರು. ‘ನಮಗೆ ಗೊತ್ತೇ ಇರಲಿಲ್ಲ’ ಎಂದರೆ ನಡೆಯುವುದಿಲ್ಲ. ಒಂದು ಒಳ್ಳೆಯದಿದೆ: ವರ್ಷ ದಾಟಿದ ಮೇಲೆ ಆ ಕಾಯಿಲೆಗೂ ವಿಮೆ ಸಿಗುತ್ತದೆ, ಪಾಲಿಸಿ ತುಂಡಾಗದಿದ್ದರೆ ಕೆನಡಾದಂತೆ ವರ್ಷವರ್ಷವೂ ಹೊಸ ಲೆಕ್ಕವಿಲ್ಲ. ಮೂರು ವರ್ಷಕ್ಕಿಂತ ಹೆಚ್ಚು ಇರುವವರಿಗೆ ಇದೇ ಗಟ್ಟಿ. ಒಂದೇ ವರ್ಷಕ್ಕೆ ಹೋಗುವವರಿಗೆ 870 ದಂಡ. ಸಾದಾ ಸಂದರ್ಶಕ ವೀಸಾ 600 ಸಾಕು. ಅದರಲ್ಲಿ ಷರತ್ತು 8558 ಹಾಕಿದ್ದರೆ 18 ತಿಂಗಳಲ್ಲಿ 12ಕ್ಕಿಂತ ಹೆಚ್ಚು ಇರುವಂತಿಲ್ಲ.

ಅಮೆರಿಕ: ಬಿ-2 (ಸಂದರ್ಶಕ ವೀಸಾ)

ಇದು ದೀರ್ಘವಾಸದ ವೀಸಾ ಅಲ್ಲ, ನಮ್ಮವರು ಹಾಗೆ ಬಳಸುತ್ತಾರಷ್ಟೇ. ಮುದ್ರೆ 10 ವರ್ಷದ್ದು, ಇಳಿದಾಗ ಕೊಡುವ ಅವಧಿ ಸಾಮಾನ್ಯವಾಗಿ 6 ತಿಂಗಳು. ಗಡುವು ಇರುವುದು ಐ-94ರಲ್ಲಿ (ಇಳಿದಾಗ ಆಗುವ ಪ್ರವೇಶ ದಾಖಲೆ), ಪಾಸ್‌ಪೋರ್ಟಿನ ಮುದ್ರೆಯಲ್ಲಲ್ಲ. ಪ್ರತಿ ಸಲವೂ ಅವಧಿ ವಿಸ್ತರಣೆಯ ಅರ್ಜಿ ಐ-539 ಹಾಕಿ ವಿಸ್ತರಿಸುತ್ತಾ ಹೋದರೆ ಮುಂದಿನ ಸಲ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಏಳುತ್ತದೆ.

ವಿಮೆ ಕಡ್ಡಾಯವಲ್ಲ, ಹಾಗಾಗಿ ಅಗ್ಗದ್ದು ಕೊಳ್ಳುವ ಆಸೆ. ಅಗ್ಗದವು ‘ನಿಗದಿತ ಮೊತ್ತ’ದ ಪಾಲಿಸಿಗಳು: ಆಸ್ಪತ್ರೆಯ ದಿನಕ್ಕಿಷ್ಟು, ಶಸ್ತ್ರಚಿಕಿತ್ಸೆಗಿಷ್ಟು ಎಂದು ಕೊಟ್ಟು ಕೈತೊಳೆದುಕೊಳ್ಳುತ್ತವೆ, ಮಿಕ್ಕ ಬಿಲ್ಲು ಮಗನದು. ‘ಸಮಗ್ರ’ ಪಾಲಿಸಿಯಲ್ಲಿ ಲೆಕ್ಕ ಸ್ಪಷ್ಟ. ಮೊದಲ 250 ಡಾಲರ್ ನಿಮ್ಮದು, ನಂತರದ 5,000ದಲ್ಲಿ ಶೇ. 20 ನಿಮ್ಮದು ಎಂದಿದ್ದರೆ ಕೈಯಿಂದ ಹೋಗುವುದು 1,250, ಮೇಲಿನದು ಮಿತಿಯವರೆಗೆ ಅವರದು. ಹಳೆಯ ಕಾಯಿಲೆಗೆ ಮಾತ್ರ ಎರಡರಲ್ಲೂ ಬಾಗಿಲು ಕಿರಿದು: ಮುನ್ಸೂಚನೆ ಇಲ್ಲದೆ ಬಿಗಡಾಯಿಸಿರಬೇಕು, ಅನೇಕ ಪಾಲಿಸಿಗಳಲ್ಲಿ 24 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿರಬೇಕು. ‘ಎರಡು ದಿನದಿಂದ ಸುಸ್ತಿತ್ತು’ ಎಂದು ದಾಖಲೆಯಲ್ಲಿ ಬಂದರೆ ಕ್ಲೇಮು ಬಿದ್ದಂತೆ. 70 ದಾಟಿದರೆ ಮಿತಿ ಇಳಿಯುತ್ತದೆ, 80 ದಾಟಿದರೆ ಇನ್ನೂ ಕುಸಿಯುತ್ತದೆ.

ಗ್ರೀನ್ ಕಾರ್ಡ್ ಮಾಡಿಸಿದರೆ ಅಮೆರಿಕದ ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಸಿಗುತ್ತದಲ್ಲ ಎನ್ನುವವರಿಗೆ: ಅಲ್ಲಿ ದುಡಿಯದವರು 65 ದಾಟಿರಬೇಕು, ಐದು ವರ್ಷ ನಿರಂತರವಾಗಿ ಅಲ್ಲೇ ಇದ್ದಿರಬೇಕು, ಆಮೇಲೂ ಹಣ ಕೊಟ್ಟು ಕೊಳ್ಳಬೇಕು.

ಯಾರಿಗೆ ಯಾವುದು

ಬಿಪಿ, ಶುಗರ್ ಇದ್ದು ಮಾತ್ರೆ ವರ್ಷಗಳಿಂದ ಬದಲಾಗದವರಿಗೆ ಕೆನಡಾ. ಆಗಾಗ ಔಷಧ ಬದಲಾಗುವವರು, ಆದರೆ ಮೊದಲ ವರ್ಷದ ಆಸ್ಪತ್ರೆ ಖರ್ಚಿಗೆ ಹಣ ತೆಗೆದಿಡಬಲ್ಲವರು ಆಸ್ಟ್ರೇಲಿಯಾ ನೋಡಬಹುದು. ಅಮೆರಿಕಕ್ಕೆ ಗಟ್ಟಿಮುಟ್ಟಾಗಿರುವಾಗ ಐದಾರು ತಿಂಗಳು ಹೋಗಿ ಬರುವುದೇ ಸರಿ. ಬಾಣಂತನಕ್ಕೆ ಹೋಗುವ ಅಮ್ಮಂದಿರ ಲೆಕ್ಕವೂ ಅದೇ ತಾನೆ.

ಎಲ್ಲಿಗೇ ಹೋದರೂ ಮಾತ್ರೆ ಮೂರು ತಿಂಗಳಿಗೆ ಮೀರದಂತೆ, ಮೂಲ ಪೊಟ್ಟಣದಲ್ಲೇ, ಡಾಕ್ಟರ ಚೀಟಿಯೊಂದಿಗೆ ಇರಲಿ. ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧದ ಮೂಲ ಹೆಸರು ಬರೆಸಿ. ಇಲ್ಲಿನ ಬ್ರ್ಯಾಂಡುಗಳು ಅಲ್ಲಿನ ಔಷಧದಂಗಡಿಗೆ ಅರ್ಥವಾಗುವುದಿಲ್ಲ.

‘ಅಲ್ಲೇ ಇರುವಾಗ ಇಲ್ಲಿನ ಮೆಡಿಕ್ಲೇಮ್ ಯಾಕೆ?’ ಎಂದು ನಿಲ್ಲಿಸಬೇಡಿ. ಪಾಲಿಸಿ ಬಿದ್ದುಹೋದರೆ ಹೊಸದರಲ್ಲಿ ಹಳೆಯ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು, ಐದು ವರ್ಷ ಕಟ್ಟಿ ಗಳಿಸಿದ ರಕ್ಷಣೆಯೂ (ಆಮೇಲೆ ವಂಚನೆ ಇಲ್ಲದಿದ್ದರೆ ‘ಕಾಯಿಲೆ ಹೇಳಲಿಲ್ಲ’ ಎಂದು ಕ್ಲೇಮು ತಳ್ಳುವಂತಿಲ್ಲ) ಮೊದಲಿನಿಂದ ಶುರು. ಅನಿವಾಸಿಯಾದ ಮೇಲೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಮಾಡಿಸುವಾಗ ಪ್ರೀಮಿಯಂ ತಾನಾಗಿ ಕಡಿತವಾಗುವ ಆದೇಶ ನಿಂತುಹೋಗಿರಬಹುದು, ಬ್ಯಾಂಕಿನ ಎಸ್ಸೆಮ್ಮೆಸ್ಸು ಊರಲ್ಲಿ ಬಿಟ್ಟುಬಂದ ಸಿಮ್ಮಿಗೆ ಹೋಗಿರುತ್ತದೆ. ಖಾತೆ ಬದಲಾದ ದಿನವೇ ಆ ಆದೇಶವನ್ನೂ ಹೊಸದಾಗಿ ಕೊಟ್ಟು, ಪಾಲಿಸಿಗೆ ಮಗಳ ಇಮೇಲ್ ಸೇರಿಸಿ.