ಪಯೋನಿಯರ್ಸ್ ಬ್ಲೂ-ರೇ ಸೆಟ್: ಕೆಲವು ವರ್ಷ ನೋಡಿದ ಮೇಲೆ

ಅಮೆರಿಕದ ಕಿನೋ ಲಾರ್ಬರ್ ಕಂಪನಿ 2018ರಲ್ಲಿ ತಂದ ‘ಪಯೋನಿಯರ್ಸ್: ಫಸ್ಟ್ ವಿಮೆನ್ ಫಿಲ್ಮ್‌ಮೇಕರ್ಸ್’ ಸೆಟ್ ಇದು. 6 ಡಿಸ್ಕ್, ಜೊತೆಗೊಂದು ಪುಸ್ತಿಕೆ. ಅಮೆರಿಕದ ಮೂಕಿ ಕಾಲದಲ್ಲಿ ಹೆಂಗಸರು ನಿರ್ದೇಶಿಸಿದ ಸಿನಿಮಾಗಳು. ನನ್ನ ಕಪಾಟಿನಲ್ಲಿ ಬೇರೆ ಮೂಕಿ ಸೆಟ್‌ಗಳೂ ಇವೆ. ಆದರೆ ಕೈ ಹೋಗುವುದು ಇದಕ್ಕೇ ಜಾಸ್ತಿ.

ಮುಖ್ಯ ಕಾರಣ ‘ಸಸ್ಪೆನ್ಸ್’. 1913ರದ್ದು, ಹತ್ತು ನಿಮಿಷದ ಚಿತ್ರ. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಬಂದಿದ್ದೂ ಅದೇ ವರ್ಷ. ‘ಸಸ್ಪೆನ್ಸ್’ ಅನ್ನು ಲೋಯಿಸ್ ವೆಬರ್ ತಮ್ಮ ಗಂಡ ಫಿಲಿಪ್ಸ್ ಸ್ಮಾಲಿ ಜೊತೆ ನಿರ್ದೇಶಿಸಿ, ತಾವೇ ನಾಯಕಿಯಾಗಿದ್ದಾರೆ. ಕೆಲಸದವಳು ಚೀಟಿ ಬರೆದಿಟ್ಟು, ಬೀಗದ ಕೈಯನ್ನು ಕಾಲೊರಸಿನ ಕೆಳಗಿಟ್ಟು ಹೊರಟುಬಿಡುತ್ತಾಳೆ. ಮನೆಯಲ್ಲಿ ತಾಯಿ, ಕೂಸು ಇಬ್ಬರೇ. ಹೊರಗೊಬ್ಬ ಅಲೆಮಾರಿ. ಆಗ ತೆರೆ ತ್ರಿಕೋನಗಳಾಗಿ ಒಡೆಯುತ್ತದೆ: ನಡುವೆ ಆಫೀಸಿನಲ್ಲಿ ಗಂಡ, ಒಂದು ಮೂಲೆಯಲ್ಲಿ ಫೋನ್ ಹಿಡಿದ ಹೆಂಡತಿ, ಇನ್ನೊಂದರಲ್ಲಿ ಆ ಅಲೆಮಾರಿ. ಗಂಡನಿಗೆ ಕಾಣದ್ದು ನಮಗೆ ಕಾಣುತ್ತಿರುತ್ತದೆ. ಎಷ್ಟು ಸಲ ನೋಡಿದರೂ ಅಲ್ಲಿ ಮೈ ಬಿಗಿಯುತ್ತದೆ. ಆಮೇಲೆ ಗಂಡ ಯಾರದೋ ಕಾರು ಎತ್ತಿಕೊಂಡು ಓಡುವಾಗ, ಬೆನ್ನಟ್ಟಿ ಬರುವವರು ಕಾರಿನ ಕನ್ನಡಿಯಲ್ಲೇ ಕಾಣುತ್ತಾರೆ. 1913ರಲ್ಲಿ ಇದು ಹೊಳೆದಿತ್ತಲ್ಲ!

ಆಲಿಸ್ ಗೀ-ಬ್ಲಾಶೆ ಅವರ ‘ಫಾಲಿಂಗ್ ಲೀವ್ಸ್’ (1912) ಬೇರೆಯೇ ಜಾತಿ. ಕೊನೇ ಎಲೆ ಉದುರುವ ಹೊತ್ತಿಗೆ ಕ್ಷಯ ಹಿಡಿದ ಅಕ್ಕ ಇರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದು ಪುಟ್ಟ ಹುಡುಗಿಯ ಕಿವಿಗೆ ಬೀಳುತ್ತದೆ. ರಾತ್ರಿ ತೋಟಕ್ಕೆ ಹೋಗಿ ಎಲೆಗಳನ್ನು ದಾರದಿಂದ ಕೊಂಬೆಗೆ ಕಟ್ಟುತ್ತಾಳೆ. ಕ್ಯಾಮೆರಾ ಅತ್ತಿತ್ತ ಅಲ್ಲಾಡುವುದಿಲ್ಲ, ನಮ್ಮನ್ನು ಅಳಿಸಲೂ ಹೊರಡುವುದಿಲ್ಲ. ಮೂಕಿ ನಟನೆ ಅಂದರೆ ಕೈಕಾಲು ಬೀಸುವುದು ಅನ್ನುವವರಿಗೆ ಮೊದಲು ಇದನ್ನೇ ತೋರಿಸುತ್ತೇನೆ.

ಸೆಟ್‌ನ ಎಲ್ಲವೂ ಹೀಗೆ ಹಿಡಿಯುವುದಿಲ್ಲ. ಕೆಲವು ಅರ್ಧಂಬರ್ಧ ಉಳಿದವು. ಆ ಕಾಲದ ಬೇಗ ಹಾಳಾಗುವ ನೈಟ್ರೇಟ್ ಫಿಲ್ಮ್ ಕೊಳೆತ ಕಡೆ ಮುಖದ ಮೇಲೆ ಸುಟ್ಟ ಗುಳ್ಳೆ ಎದ್ದಂತೆ ಕಾಣುತ್ತದೆ. ನನಗದು ತೊಂದರೆಯಲ್ಲ, ಫಳಫಳ ಚಿತ್ರವೇ ಬೇಕು ಅನ್ನುವವರಿಗೆ ಕಿರಿಕಿರಿ. ಹಿನ್ನೆಲೆ ಸಂಗೀತ ಈಗಿನವರು ಕೂಡಿಸಿದ್ದು. ಹಿಡಿಸದಿದ್ದರೆ ಸುಮ್ನೆ ಮ್ಯೂಟ್ ಮಾಡಿ, ಏನೂ ಕಳೆದುಕೊಳ್ಳುವುದಿಲ್ಲ. ದಿನಕ್ಕೊಂದು, ಹೆಚ್ಚೆಂದರೆ ಎರಡು ಚಿತ್ರ ಸಾಕು. ಸಾಲಾಗಿ ನೋಡಿದರೆ ಎಲ್ಲ ಕಲಸಿಹೋಗುತ್ತದೆ.

ಕೊಳ್ಳುವ ಮುಂಚೆ ನಿಮ್ಮ ಪ್ಲೇಯರ್ ವಿಚಾರಿಸಿ. ಬ್ಲೂ-ರೇ ಲೆಕ್ಕದಲ್ಲಿ ಅಮೆರಿಕ ರೀಜನ್ (ಪ್ರದೇಶ) ಎ, ಭಾರತ ಸಿ; ಒಂದು ರೀಜನ್‌ಗೆ ಬೀಗ ಹಾಕಿದ ಡಿಸ್ಕ್ ಬೇರೆ ರೀಜನ್‌ನ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಎಲ್ಲ ರೀಜನ್ ಓದುವ ಪ್ಲೇಯರ್ ಇದ್ದರೆ ತಲೆನೋವಿಲ್ಲ. ಇಂಗ್ಲಿಷ್ ಬರಹದ ಫಲಕಗಳನ್ನು ಓದಬೇಕಾದ್ದರಿಂದ ಮಕ್ಕಳ ಜೊತೆ ನೋಡುವುದಾದರೆ ಪಕ್ಕದಲ್ಲಿ ಕೂತು ಓದಿ ಹೇಳಿ. 5ಕ್ಕೆ 4 ಅಂಕ.