ಮೊಳಕೆ ಡಬ್ಬಿ: ನಮ್ಮ ಕಡೆಯ ಬಿಸಿಲಿಗೆ ಎಷ್ಟು ಉಪಯೋಗ?

ರಾಯಚೂರು, ಬಳ್ಳಾರಿಯ ಪಾತ್ರೆ ಅಂಗಡಿಗಳಲ್ಲಿ ಸಿಗುವ, ಕಾಳಿಗೆ ಮೊಳಕೆ ಬರಿಸುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೇಲೆ ಮೂರು ತಟ್ಟೆ, ತಳದಲ್ಲಿ ನೀರು ಸೇರುವ ಒಂದು ತಟ್ಟೆ. ಮೇಲಿನ ಪ್ರತಿ ತಟ್ಟೆಯ ತೂತಿಗೂ ಸಣ್ಣ ಟೋಪಿ ಇರುತ್ತದೆ. ಇಡೀ ಡಬ್ಬಿಯ ಜೀವ ಅದರಲ್ಲೇ. ನೀರು ಟೋಪಿಯ ಎತ್ತರ ಮೀರಿದಾಗ ಮಾತ್ರ ಕೆಳಕ್ಕೆ ಇಳಿಯುವುದರಿಂದ ಒಂದೇ ಸಲ ಸುರಿಯಬೇಕು, ಡಬ್ಬಿ ಸಮತಟ್ಟಾಗಿ ಕೂತಿರಬೇಕು. ಕಾಳಿನ ಸಿಪ್ಪೆ ಸಿಕ್ಕಿದರೆ ನೀರು ನಿಂತುಬಿಡುತ್ತದೆ. ಆಗ ಲೋಳೆ, ಹುಳಿ ವಾಸನೆ. ಮೆಂತ್ಯದ ಅಂಟು ಈ ತೂತನ್ನು ಬೇಗ ಕಟ್ಟುತ್ತದೆ, ಅದಕ್ಕೆ ಒದ್ದೆ ಬಟ್ಟೆಯ ಗಂಟೇ ಸರಿ.

ತಟ್ಟೆಗೆ ಅರ್ಧ ಬಟ್ಟಲು ಒಣ ಕಾಳು ಸಾಕು, ನೆನೆದರೆ ಎರಡು ಪಟ್ಟಾಗುತ್ತದೆ. ಹೆಸರುಕಾಳು, ಮಡಿಕೆಕಾಳು 6ರಿಂದ 8 ತಾಸು ನೆನೆಯಲಿ, ಕಡಲೆ 10ರಿಂದ 12. ಕಡಲೆ ನಿಧಾನ, ಹೆಸರಿನ ಜೊತೆ ಒಂದೇ ತಟ್ಟೆಗೆ ಬೇಡ.

40 ಡಿಗ್ರಿ ದಾಟುವ ಏಪ್ರಿಲ್-ಮೇನಲ್ಲಿ ಮುಚ್ಚಿದ ಡಬ್ಬಿ ಒಳಗೇ ಕಾಯುತ್ತದೆ. ದಿನಕ್ಕೆ ಮೂರು ಸಲ ತಣ್ಣೀರು ಹಾಯಿಸಿ, ತಳದ ನೀರು ಚೆಲ್ಲಿ, ಮಣ್ಣಿನ ಕೊಡದ ಪಕ್ಕ ನೆರಳಲ್ಲಿಡಿ. ಅರ್ಧ ಇಂಚು ಮೊಳಕೆ ಬಂದ ಕೂಡಲೇ ಫ್ರಿಜ್‌ಗೆ ಸೇರಿಸಿ. ಬಿತ್ತನೆಗೆ ಔಷಧಿ ಹಚ್ಚಿದ ಬೀಜವನ್ನು ಮಾತ್ರ ಎಂದಿಗೂ ಹಾಕಬೇಡಿ, ಅದು ವಿಷ.

ರೊಟ್ಟಿಗೆ ಮಡಿಕೆ ಉಸುಳಿಯಷ್ಟೇ ಮಾಡುವ ಮನೆಗೆ ಒದ್ದೆ ಬಟ್ಟೆಯ ಗಂಟು ಸಾಕು. ಎರಡು-ಮೂರು ಬಗೆಯ ಕಾಳು ಒಟ್ಟಿಗೆ ಬೇಕಿದ್ದವರು ಧೈರ್ಯವಾಗಿ ಕೊಳ್ಳಬಹುದು. ಟೋಪಿ ಬಿಚ್ಚಿ ತೊಳೆಯಲು ಬರುವಂಥದ್ದನ್ನೇ ಆರಿಸಿ.